ಬೆಕ್ಕಿನ ಕಾಯಿಲೆಯೂ ನಮ್ಮ ಸಾಹಿತ್ಯವೂ

ಹಾಲು ಕದಿಯುವುದೊಂದನ್ನು ಬಿಟ್ಟರೆ ಕನ್ನಡದ ಬೆಕ್ಕಿಗೆ ನಮ್ಮ ಹಿರಿಯರು ಬೇರೆ ಉದ್ಯೋಗವನ್ನು ಕೊಟ್ಟಂತೆ ಕಾಣುವುದಿಲ್ಲ. ಗಾದೆಗಳಲ್ಲಿ ಅದು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ಹಾಲು ಸಿಕ್ಕದ ಹೊತ್ತಿನಲ್ಲಿ ಇಲಿಯೊಡನೆ ಚೆಲ್ಲಾಟವಾಡುತ್ತದೆ. ಅದೂ ಇಲ್ಲದಾಗ ಕೊರಳಿಗೆ ಗಂಟೆ ಕಟ್ಟುವವರ ದಾರಿ ಕಾಯುತ್ತ ಕುಳಿತಿರುತ್ತದೆ. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಮಾತ್ರ ಹಾಲನ್ನು ಕಂಡರೆ ಓಡುವ ಬೆಕ್ಕೊಂದು ಉಂಟು. ಕುದಿಯುವ ಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಆ ಬಡಪ್ರಾಣಿಯನ್ನು ಕಂಡು ಆಸ್ಥಾನವೆಲ್ಲ ನಕ್ಕಿತು. ಐನೂರು ವರ್ಷಗಳಿಂದ ನಾವೂ ನಗುತ್ತಿದ್ದೇವೆ. ಸುಟ್ಟ ಮೂತಿಗೆ ಬೆಣ್ಣೆ ಸವರಿದವರು ಯಾರು ಎಂದು ಯಾರೂ ಕೇಳಿದ್ದಿಲ್ಲ.

ಈ ಪ್ರಶ್ನೆ ಹಾಸ್ಯಕ್ಕೆ ಕೇಳಿದ್ದಲ್ಲ. ಮನುಷ್ಯನ ಜೊತೆಯಲ್ಲಿ ಒಂದೇ ಸೂರಿನಡಿ ಬದುಕುವ ಪ್ರಾಣಿಗಳು ನಮ್ಮ ಸಾಹಿತ್ಯದಲ್ಲಿ ಧಾರಾಳವಾಗಿವೆ. ಆದರೆ ಅವುಗಳ ಮೈ, ಮುಪ್ಪು, ಕಾಯಿಲೆ, ದಿನದಿನದ ಊಟ ಉಪಚಾರ ಇವು ಬರಹಕ್ಕೆ ತಕ್ಕ ವಸ್ತುವೆಂದು ನಾವು ಇನ್ನೂ ಒಪ್ಪಿಕೊಂಡಿಲ್ಲ. ಪ್ರಾಣಿ ನಮಗೆ ಉಪಮಾನ, ಇಲ್ಲವೆ ನೀತಿ, ಇಲ್ಲವೆ ಬಲಿ. ಪುಣ್ಯಕೋಟಿ ಹಸುವಾಗಿರುವುದಕ್ಕಿಂತ ಹೆಚ್ಚಾಗಿ ಸತ್ಯವಾಗಿದ್ದಾಳೆ. ಚೋಮನ ಎತ್ತುಗಳು ಅವನಿಗೆ ದಕ್ಕದ ಬೇಸಾಯದ ಕನಸಾಗಿವೆ. ಈ ಕೃತಿಗಳ ದೊಡ್ಡಸ್ತಿಕೆಯ ಬಗ್ಗೆ ಎರಡು ಮಾತಿಲ್ಲ. ಕೊರತೆ ಇರುವುದು ಅವುಗಳ ಪಕ್ಕದಲ್ಲಿ ಬಿಟ್ಟುಹೋದ ಜಾಗದಲ್ಲಿ.

ಆರಂಭ ಚೆನ್ನಾಗಿಯೇ ಇತ್ತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕಲ್ಲೊಂದು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ ವರ್ಷ 872ರ, ಎಂದರೆ ಕ್ರಿ.ಶ. 949-50ರ ಶಾಸನ ಅದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ, ಗಂಗರ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧದಲ್ಲಿ ಬಿದ್ದ ಚೋಳ ರಾಜಾದಿತ್ಯ ಇವರೆಲ್ಲ ಅದರಲ್ಲಿ ಬರುತ್ತಾರೆ. ಚರಿತ್ರೆಯವರಿಗೆ ಅಷ್ಟು ಸಾಕು. ನಮಗೆ ಮುಖ್ಯವಾದದ್ದು ಬೇರೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಆ ಕಾಳಿ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು; ನಾಯಿ, ಹಂದಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಭೂಮಿ ಬಿಟ್ಟದ್ದಾಯಿತು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯೂ ಉಂಟು.

ತರಗತಿಯಲ್ಲಿ ಈ ಶಾಸನವನ್ನು ಪಾಠ ಮಾಡುವಾಗಲೆಲ್ಲ ನಾನು ಈ ಕೊನೆಯ ಕಟ್ಟಳೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುವುದುಂಟು. ಸತ್ತ ನಾಯಿಯ ನೆನಪು ಬದುಕಿರುವ ಒಬ್ಬ ಮನುಷ್ಯನ ದಿನದ ಊಟಕ್ಕೆ ಕಟ್ಟುಬಿದ್ದಿದೆ. ಒಂದು ದಿನ ಮಾಡಿ ಮುಗಿಸುವ ಕೆಲಸವಲ್ಲ, ದಿನವೂ ಮಾಡಬೇಕು. ಮಾಡಿದ ಮೇಲೆಯೇ ತಾನು ಉಣ್ಣಬೇಕು. ಕೀರ್ತಿಯ ಮಾತುಗಳ ನಡುವೆ ಶಾಸನಕಾರ ತನಗೆ ತಿಳಿಯದೆಯೇ ಪ್ರಾಣಿ ಸಾಕುವುದರ ತಿರುಳನ್ನು ಬರೆದುಬಿಟ್ಟಿದ್ದಾನೆ. ಆದರೆ ಇದು ಸತ್ತ ಮೇಲಿನ ಆರೈಕೆ. ಬದುಕಿದ್ದಾಗ ಕಾಳಿ ಏನು ತಿನ್ನುತ್ತಿತ್ತು, ಕಾಲಿಗೆ ಮುಳ್ಳು ಚುಚ್ಚಿದರೆ ತೆಗೆಯುತ್ತಿದ್ದವರು ಯಾರು? ಕಲ್ಲು ಮೌನ.

ಧರ್ಮರಾಯನ ನಾಯಿಯ ಪಾಡೂ ಇದೇ. ಪಂಪನ ಕಥೆ ಪಟ್ಟಾಭಿಷೇಕದಲ್ಲಿ ಮುಗಿಯುವುದರಿಂದ ಅಲ್ಲಿ ಅದಕ್ಕೆ ಎಡೆಯಿಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಮಹಾಪ್ರಸ್ಥಾನದ ಪಾಲು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಗೆ ಬಂತು. ಕುಮಾರವ್ಯಾಸನ ಕೈಯಲ್ಲಿ ಆ ನಾಯಿ ಹೇಗೆ ಬಾಲ ಅಲ್ಲಾಡಿಸುತ್ತಿತ್ತೋ ಎಂದು ಆಸೆಪಡುವುದಷ್ಟೇ ನಮಗೆ ಉಳಿದದ್ದು. ಹೇಗಿದ್ದರೂ ಅದು ಯಮಧರ್ಮನೆಂದು ಗೊತ್ತಾದ ಕ್ಷಣವೇ ನಾಯಿ ಮಾಯವಾಗುತ್ತದೆ. ಅರ್ಥ ಸಿಕ್ಕಿದೊಡನೆ ಪ್ರಾಣಿ ಬೇಡವಾಗುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ.

ಹೊಸಗನ್ನಡದಲ್ಲಿ ಈ ಪದ್ಧತಿಯನ್ನು ಮುರಿದವರು ಕುವೆಂಪು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ ಯಾವುದಕ್ಕೂ ಸಂಕೇತವಾಗಿ ಬಂದ ನಾಯಿಯಲ್ಲ. ಗುತ್ತಿಗೆ ‘ನಾಯಿಗುತ್ತಿ’ ಎಂಬ ಹೆಸರೇ ಅದರಿಂದ ಬಂದದ್ದು. ನಾಯಿಗೆ ಯಜಮಾನನ ಹೆಸರು ಅಂಟುವುದು ಲೋಕರೂಢಿ, ಇಲ್ಲಿ ಯಜಮಾನನಿಗೆ ನಾಯಿ ಅಂಟಿದೆ. ತುಂಬಿ ಹರಿಯುವ ತುಂಗೆಯಲ್ಲಿ ಗುತ್ತಿ ಹುಲಿಯನನ್ನು ಕಳೆದುಕೊಳ್ಳುವ ಭಾಗವನ್ನು ಓದಿ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡದ ಓದುಗರು ಕಡಮೆ. ಅವರ ಮಗ ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’ಗಳಲ್ಲಿ ಸುಳಿದಾಡುವ ‘ಕಿವಿ’ ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ತನ್ನದೇ ಚೇಷ್ಟೆ, ತನ್ನದೇ ಹಟ. ಕಣ್ಣೀರಿನ ಅಗತ್ಯವೂ ಇಲ್ಲ. ಆದರೆ ಇವೆರಡೂ ಮಲೆನಾಡಿನ ನಾಯಿಗಳು. ಕಾಡು, ಹೊಳೆ, ಕೋವಿ ಇಲ್ಲದೆ ಇವುಗಳ ಕಥೆ ನಡೆಯದು. ಬಳ್ಳಾರಿ ರಸ್ತೆಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಕಟ್ಟೆಯೇ ಪ್ರಪಂಚವಾದ ಪ್ರಾಣಿಗೆ ಹುಲಿಯನ ಭಾಷೆ ಒದಗುವುದಿಲ್ಲ.

ಕಾಯಿಲೆಯ ಪ್ರಾಣಿಯನ್ನು ಕನ್ನಡಿಗರ ಕಣ್ಣೆದುರಿಗೆ ದೊಡ್ಡದಾಗಿ ತಂದದ್ದು ಪುಸ್ತಕವಲ್ಲ, 2022ರ ‘777 ಚಾರ್ಲಿ’ ಚಿತ್ರ. ಜನ ಅತ್ತರು, ಅಳಬೇಕಾದದ್ದೇ. ಆದರೂ ಒಂದು ಮಾತು ಹೇಳಬೇಕು. ಅಲ್ಲಿ ಅರ್ಬುದ ರೋಗ ಬಂದ ನಾಯಿಗೆ ಹಿಮವನ್ನು ತೋರಿಸಲು ನಾಯಕ ದೇಶವನ್ನೇ ದಾಟಿ ಹೋಗುತ್ತಾನೆ. ಕಾಯಿಲೆ ಯಾತ್ರೆಗೆ ನೆಪವಾಯಿತು, ಸಾವು ಯಾತ್ರೆಗೆ ಶಿಖರವಾಯಿತು. ಯಾತ್ರೆ ಹೊರಡುವುದಕ್ಕೆ ಒಮ್ಮೆ ಧೈರ್ಯ ಬೇಕು. ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ನಾಳೆಯೂ, ನಾಡಿದ್ದೂ, ಮುಂದಿನ ಯುಗಾದಿಗೂ ಮನೆಯಲ್ಲೇ ಇರುವುದಕ್ಕೆ ಬೇಕಾದದ್ದು ಬೇರೆ ಗುಣ. ಅದರ ಚಿತ್ರ ತೆಗೆಯುವುದು ಕಷ್ಟ.

ಅಂಥ ಮನೆಯೊಂದನ್ನು ಬಲ್ಲೆ. ಇರುವುದು ಆರ್.ಟಿ. ನಗರದಲ್ಲಿ. (ಕವಿ ರವೀಂದ್ರನಾಥ ಠಾಗೂರರ ಹೆಸರಿನ ಬಡಾವಣೆ, ಪೂರ್ತಿ ಹೆಸರು ಹೇಳಿದರೆ ಆಟೋದವರೇ ದಾರಿ ಕೇಳುತ್ತಾರೆ.) ನಿವೃತ್ತರಾದ ರಾಯರು, ಅವರ ಪತ್ನಿ, ಹನ್ನೊಂದು ವರ್ಷದ ಒಂದು ಗಂಡು ಬೆಕ್ಕು. ರಾಯರಿಗೂ ಬೆಕ್ಕಿಗೂ ಒಂದೇ ಕಾಯಿಲೆ, ಸಿಹಿಮೂತ್ರ. ಬೆಕ್ಕು ಪಾತ್ರೆಗಟ್ಟಲೆ ನೀರು ಕುಡಿಯತೊಡಗಿತು, ಎಷ್ಟು ತಿಂದರೂ ಇಳಿಯತೊಡಗಿತು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗಿತು. ಮೂತ್ರಕ್ಕೆ ಇರುವೆ ಮುತ್ತಿದ್ದನ್ನು ಕಂಡು ಆ ತಾಯಿಯೇ ಮೊದಲು ಕಾಯಿಲೆಯ ಹೆಸರು ಹೇಳಿದರು. ಗಂಡನ ಜೊತೆ ಇಪ್ಪತ್ತು ವರ್ಷ ಇದೇ ಕಾಯಿಲೆಯನ್ನು ನೋಡಿದವರು. ಬುಟ್ಟಿಯಲ್ಲಿ ಬೆಕ್ಕನ್ನು ಇಟ್ಟುಕೊಂಡು ಹೆಬ್ಬಾಳಕ್ಕೆ ಹೋದರು. ಅಲ್ಲಿನ ಪಶುವೈದ್ಯಕೀಯ ಕಾಲೇಜು 1958ರದ್ದು. ಬೆಕ್ಕು, ಮೊಲ, ಗಿಳಿ ಯಾವುದನ್ನು ಒಯ್ದರೂ ಜನರ ಬಾಯಲ್ಲಿ ಅದು ಇಂದಿಗೂ ದನದ ಆಸ್ಪತ್ರೆ.

ಈ ಕಾಯಿಲೆಯ ಹಿಂದೆ ಹೆಚ್ಚಾಗಿ ಇರುವುದು ನಮ್ಮ ಪ್ರೀತಿಯೇ ಎಂಬುದು ವಿಪರ್ಯಾಸ. ಬೆಕ್ಕು ಮಾಂಸಾಹಾರಕ್ಕೇ ಹುಟ್ಟಿದ ಪ್ರಾಣಿ. ಮೊಸರನ್ನದಲ್ಲಿ ಬೆಳೆದು, ಬೀಜ ಒಡೆಸಿಕೊಂಡು, ಹೊರಗೆ ಹೋಗದೆ ಸೋಫಾದ ಮೇಲೆ ದಪ್ಪಗಾದ ನಡುವಯಸ್ಸಿನ ಗಂಡು ಬೆಕ್ಕಿಗೆ ಸಕ್ಕರೆ ಕಾಯಿಲೆ ಬೇಗ ತಗಲುತ್ತದೆ. ಅನ್ನ ಬಿಡಿಸಿ ಮಾಂಸದ ಆಹಾರ ಕೊಟ್ಟು, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು. ಬೇಗ ಹಿಡಿದು ಸರಿಯಾಗಿ ನೋಡಿಕೊಂಡರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುವುದೂ ಉಂಟು. ಆಸ್ಪತ್ರೆಗೆ ಹೋದ ಹೆದರಿಕೆಗೇ ಬೆಕ್ಕಿನ ಸಕ್ಕರೆ ಏರುವುದರಿಂದ ಮನೆಯಲ್ಲಿಯೇ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡುವುದನ್ನು ಕಲಿಯಬೇಕಾಗುತ್ತದೆ. ಅಪಾಯವೂ ಇದೆ. ನಮ್ಮ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಇನ್ಸುಲಿನ್ ಒಂದು, 100 ಯೂನಿಟ್ಟಿನದು ಇನ್ನೊಂದು. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ. 100ರ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಎರಡೂವರೆ ಪಾಲು ಹೆಚ್ಚು ಹೋಗುತ್ತದೆ. ತಿನ್ನದ ಬೆಕ್ಕಿಗೆ ಎಂದಿನ ಮದ್ದನ್ನೇ ಚುಚ್ಚಿದರೂ ಸಕ್ಕರೆ ಕುಸಿದು ಅದು ತೂರಾಡಿ ಬೀಳಬಹುದು. ಆಗ ಒಸಡಿಗೆ ಜೇನುತುಪ್ಪ ಸವರಿ ವೈದ್ಯರಲ್ಲಿಗೆ ಓಡಬೇಕು.

ಇಷ್ಟನ್ನೂ ಆ ತಾಯಿ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಹೊತ್ತು, ತಿಂದದ್ದು, ಮದ್ದು, ನೀರು, ಸಕ್ಕರೆ ಎಂದು ಗೆರೆ ಎಳೆದ ಐದು ಮನೆ. ಕೇಳಿ ತೆಗೆದುಕೊಂಡು ಓದಿದೆ. ವಿಮರ್ಶೆಯ ಅಭ್ಯಾಸವಿದ್ದವರಿಗೆ ಅದು ಒಳ್ಳೆಯ ಪಠ್ಯ. ಒಂದು ಪುಟದ ನೆತ್ತಿಯಲ್ಲಿ ‘ತುಮಕೂರು ಮದುವೆ’ ಎಂದಿದೆ. ಬೆಳಗಿನ ಸಾಲೂ ಸಂಜೆಯ ಸಾಲೂ ಅವರದೇ ಕೈಬರಹ. ಎಂದರೆ ಮುಹೂರ್ತಕ್ಕೆ ಅಕ್ಷತೆ ಹಾಕಿ ಏಳು ಗಂಟೆಯೊಳಗೆ ಹಿಂದಿರುಗಿದ್ದಾರೆ, ಆರತಕ್ಷತೆಗೆ ನಿಂತಿಲ್ಲ. ಇನ್ನೊಂದು ಪುಟದಲ್ಲಿ ‘ತಿನ್ನಲಿಲ್ಲ’ ಎಂಬ ಒಂದು ಪದ, ಮದ್ದಿನ ಮನೆ ಖಾಲಿ. ಅಲ್ಲಿಂದ ಅರ್ಧ ಅರ್ಧ ಗಂಟೆಗೆ ಒಂದು ಸಾಲು, ರಾತ್ರಿ ಎರಡರವರೆಗೆ. ಭಾವದ ಮಾತು ಒಂದೂ ಇಲ್ಲ. ಗಂಡನಿಗೂ ಇಂಥ ಲೆಕ್ಕ ಇಟ್ಟಿದ್ದೀರಾ ಎಂದು ಕೇಳಿದೆ. “ಇವರು ಹೇಳಿದರೆ ಕೇಳೋರಲ್ಲ. ಅದಕ್ಕೆ ಹೇಳೋದೇ ಬೇಡ” ಎಂದರು.

ಇದನ್ನೆಲ್ಲ ಉಳ್ಳವರ ಶೋಕಿ ಎನ್ನುವವರಿದ್ದಾರೆ. ಮನುಷ್ಯರಿಗೇ ಇನ್ಸುಲಿನ್ ಕೊಳ್ಳಲು ಆಗದ ಮನೆಗಳು ಅದೇ ಬೀದಿಯ ತುದಿಯಲ್ಲಿರುವಾಗ ಬೆಕ್ಕಿಗೇಕೆ ಎಂಬ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ರಾಯರ ಪಿಂಚಣಿಯಲ್ಲಿ ಬೆಕ್ಕಿನ ಪಾಲು ಸಣ್ಣದೇನಲ್ಲ. ಆದರೆ 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಗುಣವನ್ನು ಮೊದಲು ಕಂಡದ್ದು ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ. ರಾಯರ ಶೀಷೆಯಲ್ಲಿ ಪ್ರಾಣಿಗಳ ಋಣ ಇದೆ. ಅದಿರಲಿ. ಈ ಆಕ್ಷೇಪಣೆಗೆ ಉತ್ತರವನ್ನು ನಾನು ಕೊಡಬೇಕಾಗಿಲ್ಲ. ಅದು ಕಾದಂಬರಿಕಾರನ ಕೆಲಸ. ಒಂದೇ ಬೀದಿಯಲ್ಲಿ ಬೆಕ್ಕಿನ ಶೀಷೆಯೂ ಬಡವನ ಖಾಲಿ ಶೀಷೆಯೂ ಇರುವುದು ಕಥೆಯಲ್ಲದಿದ್ದರೆ ಮತ್ತಾವುದು ಕಥೆ?

ಬೇರೆಯವರು ಬರೆದಿದ್ದಾರೆ. ಬಾಸ್ವೆಲ್ 1791ರಲ್ಲಿ ಪ್ರಕಟಿಸಿದ ಜಾನ್ಸನ್ನನ ಜೀವನಚರಿತ್ರೆಯಲ್ಲಿ ಹಾಜ್ ಎಂಬ ಬೆಕ್ಕು ಬರುತ್ತದೆ. ಅದಕ್ಕೆ ಬೇಕಾದ ಸಿಂಪಿಗಳನ್ನು ಆ ಮಹಾಪಂಡಿತ ತಾನೇ ಹೋಗಿ ಕೊಂಡು ತರುತ್ತಿದ್ದ. ಆಳುಗಳಿಗೆ ಹೇಳಿದರೆ ಆ ತೊಂದರೆಗಾಗಿ ಅವರು ಬೆಕ್ಕನ್ನು ದ್ವೇಷಿಸಿಯಾರು ಎಂಬ ಹೆದರಿಕೆ. ಇದಕ್ಕಿಂತ ಚೆನ್ನಾಗಿದ್ದ ಬೆಕ್ಕುಗಳು ತನ್ನಲ್ಲಿದ್ದವು ಎಂದುಬಿಟ್ಟು, ಹಾಜ್‌ಗೆ ಬೇಸರವಾಯಿತೇನೋ ಎಂದು ಕೂಡಲೇ ಅದನ್ನೂ ಹೊಗಳಿದನಂತೆ. ಬಾಸ್ವೆಲ್‌ಗೆ ಬೆಕ್ಕೆಂದರೆ ಆಗದು; ಆದರೂ ಬರೆದ. ಅಷ್ಟು ದೂರ ಏಕೆ, ಹಿಂದಿಯಲ್ಲಿ ಮಹಾದೇವಿ ವರ್ಮಾ ಅವರ ‘ಮೇರಾ ಪರಿವಾರ್’ 1972ರಲ್ಲಿ ಬಂತು. ಕಾಗೆ ಕುಕ್ಕಿದ ಅಳಿಲ ಮರಿಗೆ ಪೆನ್ಸಿಲಿನ್ ಮುಲಾಮು ಹಚ್ಚಿ, ಹತ್ತಿಯ ಬತ್ತಿಯಿಂದ ಹಾಲುಣಿಸಿದ್ದು ಅದರಲ್ಲಿದೆ. ಬೆಲ್ಲದೊಳಗಿನ ಸೂಜಿ ನುಂಗಿದ ಗೌರಾ ಎಂಬ ಹಸುವಿಗೆ ದಿನದಿನವೂ ಸೇಬಿನ ರಸ ಕುಡಿಸುತ್ತ ಸಾವನ್ನು ಕಾದದ್ದೂ ಇದೆ. ಅಲ್ಲಿ ಗೌರಾ ಪುಣ್ಯಕೋಟಿಯಲ್ಲ, ಹಸು.

ನಮ್ಮಲ್ಲಿ ಏಕೆ ಬರಲಿಲ್ಲ? ಲಲಿತಪ್ರಬಂಧದವರು ಬರೆಯಬಹುದಾಗಿತ್ತು, ಆದರೆ ಆ ಪ್ರಕಾರ ಮನೆಯೊಳಗಿನದನ್ನೆಲ್ಲ ಮುಗುಳ್ನಗೆಯಿಂದ ನೋಡುವ ಚಟಕ್ಕೆ ಬಿತ್ತು. ಬೆಕ್ಕಿನ ಕಾಟ ಅವರಿಗೆ ಸಿಕ್ಕಿತು, ಬೆಕ್ಕು ಸಿಕ್ಕಲಿಲ್ಲ. ಇನ್ನೊಂದು ಕಾರಣ ಹೆಚ್ಚು ಗಂಭೀರವಾದದ್ದು. ಸಿರಿಂಜು ಹಿಡಿದವರು, ನೀರಿನ ಪಾತ್ರೆ ಅಳೆದವರು ಹೆಚ್ಚಾಗಿ ಹೆಂಗಸರು. ಪ್ರಬಂಧ ಬರೆದವರು ಹೆಚ್ಚಾಗಿ ಅವರ ಯಜಮಾನರು. ಒಂದೇ ಕೆಲಸ ದಿನವೂ ಮರಳಿ ಬರುವುದರಿಂದ ಅದರಲ್ಲಿ ಕಥೆಯಿಲ್ಲವೆಂದು ಇಬ್ಬರೂ ನಂಬಿಕೊಂಡರು.

ಆ ನೋಟುಬುಕ್ಕಿನಲ್ಲಿ ಕಥೆ ಉಂಟು. ಬೆಕ್ಕನ್ನು ತೂಗುವುದಕ್ಕೆ ಆ ತಾಯಿ ಅದನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಲ್ಲುತ್ತಾರೆ, ಆಮೇಲೆ ತಾವೊಬ್ಬರೇ ನಿಲ್ಲುತ್ತಾರೆ, ಕಳೆಯುತ್ತಾರೆ. ಲೆಕ್ಕ ಪುಟದ ಅಂಚಿನಲ್ಲಿದೆ. ಹದಿನಾಲ್ಕು ತಿಂಗಳಲ್ಲಿ ಬೆಕ್ಕು ಆರುನೂರು ಗ್ರಾಂ ಏರಿದೆ; ಆಕೆ ಐದು ಕಿಲೋ ಇಳಿದಿದ್ದಾರೆ. ಎರಡನೆಯ ಅಂಕಿಯ ಕೆಳಗೆ ಯಾರೂ ಗೆರೆ ಎಳೆದಿಲ್ಲ. ಇದನ್ನು ಯಾವುದಾದರೂ ಪತ್ರಿಕೆಗೆ ಕೊಡಬಹುದಲ್ಲ ಎಂದದ್ದಕ್ಕೆ ನಕ್ಕುಬಿಟ್ಟರು. ನನ್ನ ಕೈಯಲ್ಲಿದ್ದದ್ದು ಎರಡನೆಯ ಪುಸ್ತಕ. ಕಾಯಿಲೆ ಗೊತ್ತಾದ ಮೊದಲ ತಿಂಗಳುಗಳ ಪುಸ್ತಕ ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಯಿತಂತೆ.