ನಂಬುಗೆಯ ಬೇಲಿ

ಮನುಷ್ಯರು ಒಬ್ಬರನ್ನೊಬ್ಬರು ನಂಬುವುದು ಸಂಸ್ಕಾರಬಲದಿಂದಲೋ, ಕಟ್ಟುಪಾಡಿನ ಬಲದಿಂದಲೋ? ಐರ್ಲೆಂಡಿನವರಾದ ರಾಜ್ಯಶಾಸ್ತ್ರಜ್ಞ ಹೆನ್ರಿ ಫ್ಯಾರೆಲ್ಲರ ವಿದ್ವತ್ಕಾರ್ಯಕ್ಕೆ ಈ ಪ್ರಶ್ನೆಯೇ ತಳಹದಿಯೆನ್ನಬಹುದು.

2009ರಲ್ಲಿ ಹೊರಬಂದ ‘ದಿ ಪೊಲಿಟಿಕಲ್ ಎಕಾನಮಿ ಆಫ್ ಟ್ರಸ್ಟ್’ ಎಂಬ ಗ್ರಂಥವು ಇಟಲಿಯ ಬೊಲೋನ್ಯದಲ್ಲಿ ಪೊಟ್ಟಣ ಕಟ್ಟುವ ಯಂತ್ರಗಳನ್ನು ಮಾಡುವವರನ್ನೂ ಜರ್ಮನಿಯ ಸ್ಟುಟ್‌ಗಾರ್ಟಿನ ಯಂತ್ರೋಪಕರಣ ತಯಾರಕರನ್ನೂ ಹೋಲಿಸುತ್ತದೆ. ಇಟಲಿಯ ಉತ್ತರಭಾಗದ ಸಹಕಾರಬುದ್ಧಿಯು ಶತಮಾನಗಳ ಪೌರಸಂಪ್ರದಾಯದ ಫಲವೆಂದು ರಾಬರ್ಟ್ ಪಟ್ನಮ್ಮರು 1993ರಲ್ಲಿ ವಾದಿಸಿದ್ದರು. ಫ್ಯಾರೆಲ್ಲರಾದರೋ ನಿಯಮಸಂಸ್ಥೆಗಳಿಗೆ ಹೆಚ್ಚಿನ ಸ್ಥಾನವನ್ನು ಕೊಡುತ್ತಾರೆ. ಎದುರಿನವನು ಹೇಗೆ ನಡೆದುಕೊಂಡಾನೆಂಬ ನಿರೀಕ್ಷೆಯನ್ನು ಅವು ರೂಪಿಸುವುವು. ಆ ನಿರೀಕ್ಷೆಯಿಂದ ನಂಬುಗೆ ಹುಟ್ಟುವುದು. ಸಿಸಿಲಿಯ ಮಾಫಿಯಾದವರ ಪರಸ್ಪರ ಶಂಕೆಯನ್ನೂ ಅವರು ಇದೇ ದೃಷ್ಟಿಯಿಂದ ಪರೀಕ್ಷಿಸಿರುವುದು ವಾದಕ್ಕೆ ಬಲ ತಂದಿದೆ.

ಅಬ್ರಹಾಂ ನ್ಯೂಮನ್ನರೊಡನೆ 2023ರಲ್ಲಿ ಬರೆದ ‘ಅಂಡರ್‌ಗ್ರೌಂಡ್ ಎಂಪೈರ್’ ಇದರ ಮತ್ತೊಂದು ಮುಖವನ್ನು ತೋರುತ್ತದೆ. ಅಂತರ್ಜಾಲದ ತಂತಿಗಳೂ, ಬ್ಯಾಂಕುಗಳ ಸಂದೇಶಗಳನ್ನೊಯ್ಯುವ ಬೆಲ್ಜಿಯಮ್ಮಿನ ಸ್ವಿಫ್ಟ್ ಸಂಸ್ಥೆಯೂ ಜನರ ಅನುಕೂಲಕ್ಕೆಂದು ಬೆಳೆದವು. ಎಲ್ಲರೂ ನಂಬಿ ಒಂದೇ ದಾರಿಯಲ್ಲಿ ನಡೆದುದರಿಂದಲೇ ಆ ದಾರಿಯ ಬಾಗಿಲು ಕಾಯುವವರಿಗೆ ಅಪಾರ ಅಧಿಕಾರ ಬಂದಿತು. 2012ರಲ್ಲಿ ಇರಾನಿನ ಹಲವು ಬ್ಯಾಂಕುಗಳನ್ನು ಸ್ವಿಫ್ಟ್ ಹೊರಗಿಟ್ಟುದು ಇದಕ್ಕೆ ನಿದರ್ಶನ.

ಕೊರತೆಯೂ ಇಲ್ಲದಿಲ್ಲ. ಮೊದಲ ಗ್ರಂಥದಲ್ಲಿ ಸಣ್ಣ ಕಾರ್ಖಾನೆದಾರನ ಲೆಕ್ಕಾಚಾರಕ್ಕೆ ದೊರೆತ ಗಮನವು ಎರಡನೆಯದರಲ್ಲಿ ಬಾಗಿಲಾಚೆ ಉಳಿದ ಸಾಮಾನ್ಯನಿಗೆ ದೊರೆತಿಲ್ಲ. ಅಲ್ಲಿ ಸರಕಾರಗಳದೂ ಮಹಾಕಂಪೆನಿಗಳದೂ ಮಾತೇ ಹೆಚ್ಚು. ನಿಯಮದಿಂದ ನಂಬುಗೆ ಹುಟ್ಟುವುದು ದಿಟ; ಬೇಲಿಯೇ ಎದ್ದು ಹೊಲ ಮೇಯ್ದರೆ ಮೊರೆಯಿಡುವುದಾರಲ್ಲಿ? ಎರಡು ಗ್ರಂಥಗಳನ್ನೂ ಜೊತೆಯಾಗಿ ಓದಿದವರಿಗೆ ಈ ಪ್ರಶ್ನೆ ತಪ್ಪದು. ಅದನ್ನು ಇಷ್ಟು ಸ್ಪಷ್ಟವಾಗಿ ಎದುರಿಗೆ ತಂದಿಟ್ಟುದೇ ಗ್ರಂಥಕರ್ತರ ಹಿರಿಮೆ.