‘ಮೊಬಿ ಡಿಕ್’ ಕಾದಂಬರಿಯಲ್ಲಿ ಪಾಲಿನ ಲೆಕ್ಕ

ಹರ್ಮನ್ ಮೆಲ್ವಿಲನ ‘ಮೊಬಿ ಡಿಕ್’ (1851) ಕಾದಂಬರಿಯನ್ನು ವಿಧಿಗೂ ಮನುಷ್ಯನ ಛಲಕ್ಕೂ ನಡೆದ ಹೋರಾಟವೆಂದು ವ್ಯಾಖ್ಯಾನಿಸುವುದು ರೂಢಿಯಾಗಿದೆ. ಈ ವ್ಯಾಖ್ಯಾನವು ತಪ್ಪಲ್ಲ. ಆದರೆ ಅದರ ಭರದಲ್ಲಿ ಹದಿನಾರನೆಯ ಅಧ್ಯಾಯದ ಹಣಕಾಸಿನ ಮಾತನ್ನು ದಾಟಿಬಿಡುವುದುಂಟು. ಏಹಾಬನ ಅಪರಾಧವನ್ನು ಅಳೆಯುವ ಮಾನವು ಅಲ್ಲಿಯೇ ದೊರೆಯುವುದೆಂದು ನಮ್ಮ ಅಭಿಪ್ರಾಯ.

ನ್ಯಾನ್‌ಟಕೆಟ್ ದ್ವೀಪದ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ನಾವಿಕರಿಗೆ ಸಂಬಳವಿರಲಿಲ್ಲ. ಯಾನವು ಮುಗಿದ ಮೇಲೆ ನಿವ್ವಳ ಆದಾಯದಲ್ಲಿ ಒಬ್ಬೊಬ್ಬನಿಗೂ ಮೊದಲೇ ಗೊತ್ತುಮಾಡಿದ ಪಾಲು ಸಲ್ಲುತ್ತಿತ್ತು. (ಕಥೆಯನ್ನು ಹೇಳುವ ಇಷ್ಮೇಲನು ತಿಮಿಂಗಿಲವನ್ನು ಮೀನೆಂದೇ ಸಾಧಿಸುವುದರಿಂದ ಇದನ್ನು ಮೀನುಗಾರಿಕೆಯೆನ್ನಲು ಅಡ್ಡಿಯಿಲ್ಲ.) ಮೆಲ್ವಿಲನೇ 1841ರಲ್ಲಿ ‘ಅಕುಷ್ನೆಟ್’ ಹಡಗನ್ನು ಹತ್ತಿದಾಗ ಅವನಿಗೆ ಗೊತ್ತಾದುದು 175ರಲ್ಲಿ ಒಂದು ಪಾಲು. ಕಾದಂಬರಿಯ ‘ಪೀಕ್ವಾಡ್’ ಹಡಗಿನಲ್ಲಿ ಇಷ್ಮೇಲನಿಗೆ 300ರಲ್ಲೊಂದು. ಗುರಿ ತಪ್ಪದ ಈಟಿಗಾರ ಕ್ವೀಕ್ವೆಗನಿಗೆ 90ರಲ್ಲೊಂದು. ಹಡಗಿನ ಒಡೆತನವೂ ಹಂಚಿಹೋಗಿದೆ. ಬಿಲ್ಡಾಡ್, ಪೆಲೆಗ್ ಎಂಬಿಬ್ಬರ ದೊಡ್ಡ ಭಾಗಗಳನ್ನು ಬಿಟ್ಟರೆ ಉಳಿದುದು ಊರಿನ ವೃದ್ಧರದು, ವಿಧವೆಯರದು, ತಂದೆಯಿಲ್ಲದ ಮಕ್ಕಳದು. ಒಬ್ಬರಿಗೆ ಒಂದಡಿ ಹಲಗೆಯಾದರೆ ಇನ್ನೊಬ್ಬರಿಗೆ ಒಂದೆರಡು ಮೊಳೆ.

ಬಿಲ್ಡಾಡನು ಇಷ್ಮೇಲನಿಗೆ 777ರಲ್ಲೊಂದು ಪಾಲೇ ಸಾಕೆನ್ನುತ್ತಾನೆ. ಹೆಚ್ಚು ಕೊಟ್ಟರೆ ಆ ವಿಧವೆಯರ ಅನ್ನವನ್ನು ಕಿತ್ತುಕೊಂಡಂತಾಗುವುದೆಂಬುದು ಅವನ ಧರ್ಮಬುದ್ಧಿ! ಬೈಬಲನ್ನು ಓದುತ್ತಲೇ ಕೂಲಿಯನ್ನು ತಗ್ಗಿಸುವ ಈ ಜಿಪುಣನನ್ನು ಕಂಡು ವಾಚಕರು ನಗುವುದು ಸಹಜ. ಆದರೆ ಆ ವಿಧವೆಯರು ಸುಳ್ಳಲ್ಲ. ಏಹಾಬನು ಹಡಗನ್ನು ತನ್ನ ಹಗೆತನಕ್ಕೆ ತಿರುಗಿಸಿದಾಗ ಪರರ ಸ್ವತ್ತನ್ನೇ ಪಣಕ್ಕೊಡ್ಡುತ್ತಾನೆ. ಉಪನಾಯಕ ಸ್ಟಾರ್ಬಕ್ಕನು ಮೊದಲು ಕೇಳುವುದು ಆ ಸೇಡಿಗೆ ಪೇಟೆಯಲ್ಲಿ ಏನು ಬೆಲೆಯೆಂಬುದನ್ನೇ. ಇದು ವ್ಯಾಪಾರಿಯ ಅಲ್ಪಬುದ್ಧಿಯೆಂದು ಹೇಳುವವರುಂಟು. ಲಾಭವೇ ಎಲ್ಲರ ಅನ್ನವಾಗಿರುವೆಡೆಯಲ್ಲಿ ಆ ಮಾತನ್ನು ನಾವು ಒಪ್ಪಲಾರೆವು. ಏಹಾಬನು ಇದನ್ನು ಅರಿಯದವನಲ್ಲ. ಹಣದ ಆಸೆಯು ಬತ್ತಿದರೆ ನಾವಿಕರು ತಿರುಗಿ ಬೀಳುವರೆಂದು ತಿಳಿದು ದಾರಿಯಲ್ಲಿ ಸಿಕ್ಕ ಇತರ ತಿಮಿಂಗಿಲಗಳ ಬೇಟೆಯನ್ನೂ ನಡೆಸುತ್ತಾನೆ. ಬಿಳಿಯ ತಿಮಿಂಗಿಲವನ್ನು ಮೊದಲು ಕಂಡವನಿಗೆಂದು ಅವನು ಕೂವೆಕಂಬಕ್ಕೆ ಬಡಿದಿಟ್ಟ ಚಿನ್ನದ ನಾಣ್ಯದ ಬೆಲೆ 16 ಡಾಲರು. ಎಲ್ಲರ ಪಾಲು ಇದ್ದೆಡೆಯಲ್ಲಿ ಒಬ್ಬನ ಬಹುಮಾನವು ಬಂದು ಕುಳಿತಿತು.

ಕೊನೆಗೆ ಹಡಗು ಮುಳುಗುತ್ತದೆ, ಇಷ್ಮೇಲನೊಬ್ಬನು ಬದುಕುತ್ತಾನೆ. ಮೊಳೆಗಳ ಒಡತಿಯರಿಗೆ ಏನಾಯಿತೆಂದು ಗ್ರಂಥಕರ್ತನು ಹೇಳುವುದಿಲ್ಲ. ಇದನ್ನು ನಾವು ಕೃತಿಯ ಲೋಪವೆಂದೇ ಎಣಿಸುತ್ತೇವೆ. ಬಿಲ್ಡಾಡನಾದರೂ, ಕೂಲಿಯನ್ನು ಕಡಿಮೆ ಮಾಡಲೋಸುಗವೇ ಆಗಲಿ, ಅವರನ್ನು ಒಮ್ಮೆ ನೆನೆದಿದ್ದನು.