ಸ್ಥಲನಾಮಗಳ ಅರ್ಥನಿರ್ಣಯ

ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ (1905) ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುಗಳ ಕ್ರಮದಲ್ಲಿ ಪ್ರಕಟಿಸಿದರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳ ಚರಿತ್ರೆಯನ್ನು ಬರೆಯತಕ್ಕವರಿಗೆ ಅದು ಇಂದಿಗೂ ಮುಖ್ಯವಾದ ಆಧಾರ. ಶಿಲೆಯು ಯಾವ ಊರಿನ ಯಾವ ಎಡೆಯಲ್ಲಿದೆಯೆಂಬುದನ್ನು ಪಾಠದೊಡನೆಯೇ ಸೂಚಿಸಿರುವುದು ಆ ವಿದ್ವಾಂಸರ ದೂರದೃಷ್ಟಿಗೆ ಸಾಕ್ಷಿ. ಆದರೆ ತಾಲ್ಲೂಕಿನ ಎಲ್ಲೆಯು ಆಡಳಿತದ ಸೌಕರ್ಯಕ್ಕಾಗಿ ಏರ್ಪಟ್ಟುದೇ ಹೊರತು, ಶಾಸನಗಳನ್ನು ಬರೆಯಿಸಿದವರು ಬಲ್ಲ ನಾಡುಗಳ ಎಲ್ಲೆಯಲ್ಲ. ಸ್ಥಲನಾಮದ ಅರ್ಥವಾದರೋ ನೆರೆಹೊರೆಯ ಸಂಬಂಧದಿಂದ ತಿಳಿಯತಕ್ಕದ್ದು.

ಚಿಕ್ಕಬಳ್ಳಾಪುರವು ಏತರಿಂದ ‘ಚಿಕ್ಕ’ದು? ದೊಡ್ಡಬಳ್ಳಾಪುರವನ್ನು ನೆನೆಯದೆ ಇದಕ್ಕೆ ಉತ್ತರವಿಲ್ಲ. ಆದರೆ ರೈಸರ ಸಂಪುಟಗಳಲ್ಲಿ ಒಂದು ಊರು ಹತ್ತನೆಯದರಲ್ಲಿಯೂ ಮತ್ತೊಂದು ಬೆಂಗಳೂರು ಜಿಲ್ಲೆಯ ಒಂಬತ್ತನೆಯದರಲ್ಲಿಯೂ ಸೇರಿಹೋದುವು. 2007ರಲ್ಲಿ ಚಿಕ್ಕಬಳ್ಳಾಪುರವೇ ಬೇರೊಂದು ಜಿಲ್ಲೆಯಾದ ಮೇಲೂ ಈ ಜೋಡಿ ಕೂಡಲಿಲ್ಲ. ಜಿಲ್ಲೆಯೊಂದರ ಪಟ್ಟಿಯನ್ನೇ ನಂಬಿದವನಿಗೆ ಹೆಸರಿನ ಅರ್ಧಾರ್ಥ ಮಾತ್ರ ದಕ್ಕುವುದು.

ಗೌರಿಬಿದನೂರಿನ ವಿಷಯ ಇನ್ನೂ ಸೂಕ್ಷ್ಮವಾದುದು. ಜನರು ಈ ಹೆಸರನ್ನು ವಿದುರನಿಗೆ ಸಂಬಂಧಿಸುವರು. ಉತ್ತರಪಿನಾಕಿನಿಯ ತೀರದ ವಿದುರಾಶ್ವತ್ಥ ಕ್ಷೇತ್ರದ ಸಾಮೀಪ್ಯವೇ ಈ ಕಲ್ಪನೆಗೆ ಆಸರೆ. ಮಲೆನಾಡಿನ ಬಿದನೂರಿಗಾದರೆ ವೇಣುಪುರವೆಂಬ ಸಂಸ್ಕೃತನಾಮವೂ ಇದ್ದುದರಿಂದ, ಅಲ್ಲಿ ‘ಬಿದಿರು’ ಎಂಬ ವ್ಯುತ್ಪತ್ತಿ ನಿಲ್ಲುತ್ತದೆ. ಧ್ವನಿಸಾಮ್ಯ ಮಾತ್ರದಿಂದ ಅದನ್ನೇ ಬಯಲುಸೀಮೆಗೆ ಹೊರಿಸುವುದು ಸಾಹಸ. ಐತಿಹ್ಯವನ್ನು ಶಬ್ದಶಾಸ್ತ್ರವೆಂದು ಒಪ್ಪುವುದೂ ಸಾಹಸವೇ. ಐತಿಹ್ಯವು ಊರಿಗೂ ಕ್ಷೇತ್ರಕ್ಕೂ ಜನರು ಕಂಡ ನಂಟನ್ನು ತಿಳಿಸುತ್ತದೆ, ಹೆಸರಿನ ಹುಟ್ಟನ್ನಲ್ಲ.

ಶಂ. ಬಾ. ಜೋಶಿಯವರು ಸ್ಥಲನಾಮಗಳನ್ನು ಕನ್ನಡದ ಹಳೆಯ ಹರವಿಗೆ ಸಾಕ್ಷಿಯಾಗಿ ನಿಲ್ಲಿಸಿದರು. ಆ ದಾರಿಯಲ್ಲಿ ನಡೆಯುವವರು ಕಾಲವನ್ನು ಮರೆಯಲಾಗದು. ತೆಲುಗು ನಾಡಿನ ಅಂಚಿನಲ್ಲಿರುವ ಈ ಸೀಮೆಯಲ್ಲಿ ‘ಪಲ್ಲಿ’ಯೆಂದು ಮುಗಿಯುವ ಊರುಗಳನ್ನೆಲ್ಲ ತೆಲುಗಿನವೆಂದೂ ‘ಹಳ್ಳಿ’ಗಳನ್ನು ಮಾತ್ರ ಕನ್ನಡದವೆಂದೂ ನಕಾಶೆಯಲ್ಲಿ ಗೆರೆಯೆಳೆಯುವುದು ಸುಲಭ. ಆದರೆ ಹಳಗನ್ನಡದಲ್ಲಿಯೂ ‘ಪಳ್ಳಿ’ಯೇ ಇದ್ದು, ಪಕಾರವು ಹಕಾರವಾದುದು ಅನಂತರ. ಕಾಲನಿರ್ದೇಶವಿಲ್ಲದ ಪ್ರತ್ಯಯವು ಯಾವ ಪಕ್ಷಕ್ಕೂ ಪ್ರಮಾಣವಾಗದು.

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಶಿಲಾಶಾಸನಗಳ ತ್ರಿವಿಮಾಕೃತಿಗಳನ್ನು ಯಂತ್ರಸಹಾಯದಿಂದ ಪಡೆದು ಸಂರಕ್ಷಿಸುವ ಕಾರ್ಯವನ್ನು ಆರಂಭಿಸಿದುದು ಶ್ಲಾಘ್ಯ. ಆದರೂ ನಕಾಶೆಯ ಮೇಲಣ ಚುಕ್ಕೆಯು ಅರ್ಥವಲ್ಲ. ದತ್ತಿಶಾಸನದ ಚತುಸ್ಸೀಮೆಯಲ್ಲಿ ಮೂಡಲ ಕೆರೆ, ತೆಂಕಣ ಹಳ್ಳ, ಪಡುವಣ ಗುಂಡು ಎಂಬಂತೆ ಬರುವ ಮಾತುಗಳು ತಮ್ಮ ತಮ್ಮ ದಿಕ್ಕಿನಲ್ಲಿ ನಿಂತಾಗಲೇ ಅದು ಮಾತಿನ ನಕಾಶೆ. ಬಿಡಿಸಿ ಅಕಾರಾದಿಯಾಗಿ ಜೋಡಿಸಿದರೆ ಬರಿಯ ಪದಪಟ್ಟಿ. ಹೆಸರು, ನೆರೆ, ಕಾಲ ಈ ಮೂರನ್ನೂ ಒಟ್ಟಿಗೆ ಕಾಯ್ದ ಸೂಚಿಯೇ ಈ ಸೀಮೆಗೆ ಬೇಕಾಗಿರುವುದು. ಕೆರೆಗಳು ಹೂಳುತ್ತ, ಎಲ್ಲೆಗಲ್ಲುಗಳು ಕಟ್ಟಡಗಳ ಬುಡ ಸೇರುತ್ತಿರುವಾಗ ಆ ಕೆಲಸಕ್ಕೆ ವಿಳಂಬವು ತಗದು.